ರಾಗಿ ವಾಡೆಯಲ್ಲಿ ಮಡಗಿದ ಬಾಟಲಿ

ಅಜ್ಜಿ ಒಳಮನೆಯ ರಾಗಿ ವಾಡೆಗೆ ತೋಳಿನವರೆಗೂ ಕೈ ಇಳಿಬಿಟ್ಟು ಏನನ್ನೋ ತಡಕುತ್ತಿದ್ದಳು. ಎಂಬತ್ತೈದು ದಾಟಿದ ಜೀವ. 'ಬಿಡಜ್ಜಿ, ನಾನು ತೆಗೀತೀನಿ' ಎಂದರೆ ಕೇಳಲಿಲ್ಲ. 'ನೀನು ಎಳ್ದು ಒಡ್ದಾಕೀಯೆ, ಸುಮ್ಗಿರ್ಲಾ' ಎಂದು ಗದರಿದಳು. ಕೊನೆಗೂ ಮೇಲೆ ಬಂದದ್ದು ಧೂಳು ಮೆತ್ತಿದ ಕಪ್ಪುಹಸಿರು ಬಾಟಲಿ. ಅದರ ಚೀಟಿಯ ಅಂಚನ್ನು ಹುಳು ತಿಂದಿತ್ತು. ಆದರೂ 2007 ಎಂಬ ಅಂಕಿ ಓದುವಂತಿತ್ತು.

ಇದು 2024ರ ಜನವರಿಯ ಮಾತು. ಊರು ಮದ್ದೂರು. ವಡೆಗೆ ಹೆಸರಾದ ಮಂಡ್ಯ ಜಿಲ್ಲೆಯ ಮದ್ದೂರಲ್ಲ. ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನದು. ಇಲ್ಲಿಂದ ಮುಂದೆ ರಸ್ತೆ ಬಂಡೀಪುರದ ಕಾಡನ್ನು ಹೊಕ್ಕು ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. ರಾತ್ರಿ 9 ಗಂಟೆಗೆ ಅರಣ್ಯ ಇಲಾಖೆಯ ಗೇಟು ಬಿತ್ತೆಂದರೆ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ದಾರಿಯಿಲ್ಲ. ರಾತ್ರಿ ಸಂಚಾರಕ್ಕೆ ಈ ತಡೆ ಮೊದಲು ಬಂದದ್ದು 2009ರಲ್ಲಿ. ನಮ್ಮ ಮನೆಗೆ ಬಾಟಲಿಗಳು ಬಂದದ್ದೂ ಅದೇ ವರ್ಷ.

ತಂದವನು ನನ್ನ ಚಿಕ್ಕಪ್ಪ, ಅಜ್ಜಿಯ ಕಿರಿಮಗ. ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟವೊಂದರಲ್ಲಿ ಬಳ್ಳಿ ಸವರುವ ಕೆಲಸದಿಂದ ಹಿಡಿದು ಮೇಸ್ತ್ರಿಕೆಯವರೆಗೆ ಹತ್ತೊಂಬತ್ತು ವರ್ಷ ದುಡಿದು, ಬೆನ್ನುನೋವು ಹತ್ತಿಸಿಕೊಂಡು ಊರಿಗೆ ಮರಳಿದ್ದ. ಜೊತೆಗೆ ಮೂರು ಬಾಟಲಿ ಕೆಂಪು ವೈನ್. ಮನೆಯಲ್ಲಿ ಯಾರೂ ಕುಡಿಯುವವರಲ್ಲ. ಆದರೂ ಅಂದು ರಾತ್ರಿ ಒಂದನ್ನು ತೆರೆದು, 'ಅವ್ವ, ಒಂದು ತೊಟ್ಟು ನೋಡು, ನಿನ್ ಮಗನ ಬೆವರು' ಎಂದು ಅಜ್ಜಿಯ ಅಂಗೈಗೆ ಹನಿಸಿದ. ಅಜ್ಜಿ ನಾಲಿಗೆಗೆ ಮುಟ್ಟಿಸಿ, 'ಥೂ, ಎಳೇ ಬಾಳೆಕಾಯ್ ಕಡ್ದಂಗದೆ, ಒಗರು!' ಎಂದು ಉಗಿದಳು. ಅವನು ನಕ್ಕ. 'ಇನ್ನೆರಡು ಅವೆಯಲ್ಲ, ಅವ್ನ ಹತ್ತು ವರ್ಷ ಮಡಗವ್ವ. ಒಗರೋಯ್ತದೆ. ಆಗ ನಾನೇ ತೆಗ್ದು ಕೊಡ್ತೀನಿ.'

ಮಡಗು ಎಂದರೆ ನಮ್ಮ ಸೀಮೆಯಲ್ಲಿ ಬರೀ ಇಡುವುದಲ್ಲ. ಮುಂದೆ ಬೇಕಾದೀತೆಂದು ಜೋಪಾನವಾಗಿ ಇಡುವುದು. ಪರದೇಶದವರು ವೈನನ್ನು ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಕಾಯ್ದಿಡುವ ಕಲೆಗೆ ಇಷ್ಟು ಒಪ್ಪುವ ಮಾತು ನನಗೆ ಬೇರೆ ಸಿಕ್ಕಿಲ್ಲ.

ದೇವರ ಮನೆಯಿದ್ದ ಕಡೆ ಇದು ಬೇಡವೆಂದು ಅಮ್ಮ ಎರಡನ್ನೂ ಅಟ್ಟಕ್ಕೆ ಏರಿಸಿದಳು. ವಾರ ಕಳೆಯುವುದರೊಳಗೆ ಅಜ್ಜಿ ಅದರಲ್ಲೊಂದನ್ನು ಇಳಿಸಿಕೊಂಡು ಬಂದಳು. 'ಹೆಂಚಿನ್ ತಳ್ಗೆ ಬೆಂದೋಯ್ತದೆ ಕಣವ್ವ' ಎಂದು ರಾಗಿಯಲ್ಲಿ ಹುಗಿದಳು. ಚಿಕ್ಕಪ್ಪ ಹೇಳಿಕೊಟ್ಟಂತೆ ಮಗುವನ್ನು ಮಲಗಿಸುವ ಹಾಗೆ ಅಡ್ಡ ಮಲಗಿಸಿ. ಪ್ರತಿ ವರ್ಷ ಹೊಸ ರಾಗಿ ತುಂಬುವಾಗ ಮತ್ತೆ ತಳಕ್ಕೆ. ಅಟ್ಟದ ಇನ್ನೊಂದನ್ನು ಎಲ್ಲರೂ ಮರೆತರು.

ಚಿಕ್ಕಪ್ಪ 2018ರಲ್ಲಿ ತೀರಿಕೊಂಡ. ಹತ್ತು ವರ್ಷಕ್ಕೆ ಒಂದು ವರ್ಷ ಬಾಕಿಯಿತ್ತು.

ಅದಾದ ಮೇಲೆ ಆ ಬಾಟಲಿಯ ಸುದ್ದಿ ಎತ್ತಿದರೆ ಅಜ್ಜಿ ಕಿವಿ ಕೇಳದವಳಂತೆ ಇದ್ದುಬಿಡುತ್ತಿದ್ದಳು. ಈ ಸಲ ಸಂಕ್ರಾಂತಿಗೆ ಹೋದಾಗ ತಾನಾಗಿಯೇ ಹೇಳಿದಳು: 'ನಾನೋಗಕ್ ಮುಂಚೆ ಅವನೇಳಿದ್ದು ಆಗ್ಬುಡ್ಲಿ.'

ಒಗರು ಕರಗುವ ಬಗೆ

ಮೈಸೂರಿನ ಹೋಟೆಲೊಂದರಲ್ಲಿ ಮೂರು ದಶಕ ಪಾನೀಯಗಳ ಉಸ್ತುವಾರಿ ನೋಡಿಕೊಂಡು ನಿವೃತ್ತರಾದ ಗೆಳೆಯರೊಬ್ಬರು ನನಗಿದ್ದಾರೆ. ಅವರಿಗೆ ಫೋನು ಮಾಡಿದೆ. 'ಬಾಟಲಿಯನ್ನು ಇವತ್ತೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಅಲ್ಲಾಡಿಸಬೇಡಿ. ನಾಳೆ ಬರುತ್ತೇನೆ, ರಾತ್ರಿ ಅಲ್ಲೇ ಉಳಿಯುತ್ತೇನೆ' ಎಂದರು. 'ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ' ಎಂದೂ ಸೇರಿಸಿದರು.

ಆಸೆ ಯಾಕೆ ಬೇಡ? ಹಳೆಯದಾದಷ್ಟೂ ವೈನ್ ಒಳ್ಳೆಯದಲ್ಲವೇ? ಸಿನಿಮಾ, ಕಾದಂಬರಿಗಳು ನಮಗೆ ಹಾಗೇ ಕಲಿಸಿವೆ. ವಾಸ್ತವ ಬೇರೆ. ಲೋಕದಲ್ಲಿ ತಯಾರಾಗುವ ವೈನಿನಲ್ಲಿ ಬಹುಪಾಲು ಒಂದೆರಡು ವರ್ಷದೊಳಗೆ ಕುಡಿದು ಮುಗಿಸಲೆಂದೇ ಮಾಡಿದ್ದು. ಅದನ್ನು ಇಪ್ಪತ್ತು ವರ್ಷ ಇಟ್ಟರೆ ಸಿಗುವುದು ಹಳೆಯ ವೈನಲ್ಲ, ಹಾಳಾದ ವೈನ್.

ಇಡಲು ಲಾಯಕ್ಕಾದ ಕೆಂಪು ವೈನಿಗೆ ಎರಡು ಬೆನ್ನೆಲುಬು ಬೇಕು. ಒಂದು ಹುಳಿ, ಇನ್ನೊಂದು ಒಗರು. ಇವೆರಡರ ಜೊತೆಗೆ ಹಣ್ಣಿನ ಸ್ವಾದವೂ ಗಟ್ಟಿಯಾಗಿರಬೇಕು. ಒಗರು ಬರುವುದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದ 'ಟ್ಯಾನಿನ್'ನಿಂದ. ಎಳೆ ಅಡಿಕೆ, ನೆಲ್ಲಿಕಾಯಿ, ಹೆಚ್ಚು ಕುದಿಸಿದ ಟೀ ಡಿಕಾಕ್ಷನ್ ಬಾಯಿ ಹಿಡಿಯುತ್ತವಲ್ಲ, ಅದೇ ಗುಣ. ಈ ಟ್ಯಾನಿನ್ ಎಂಜಲಿನ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ ನಾಲಿಗೆ ಒಣಗಿದಂತೆ ಆಗುತ್ತದೆ.

ಮುಚ್ಚಿದ ಬಾಟಲಿಯೊಳಗೆ ವರ್ಷಗಳು ಉರುಳಿದಂತೆ ಈ ಟ್ಯಾನಿನ್ ಕಣಗಳು ಒಂದಕ್ಕೊಂದು, ಬಣ್ಣದ ಕಣಗಳಿಗೂ ಕೊಂಡಿ ಹಾಕಿಕೊಳ್ಳುತ್ತಾ ಹೋಗುತ್ತವೆ. ಸರಪಳಿ ಉದ್ದವಾಗಿ ಭಾರವಾದದ್ದು ಗಸಿಯಾಗಿ ತಳಕ್ಕಿಳಿಯುತ್ತದೆ. ಅದಕ್ಕೇ ಹಳೆಯ ವೈನಿನ ಬಣ್ಣ ತೆಳುವಾಗುತ್ತದೆ. ನೇರಳೆ ಹಣ್ಣಿನ ಬಣ್ಣ ದಾಳಿಂಬೆಗೆ ತಿರುಗಿ, ಕೊನೆಗೆ ಹೆಂಚಿನ ಬಣ್ಣಕ್ಕೆ ಬರುತ್ತದೆ. ಒಗರು ಮೆತ್ತಗಾಗುತ್ತದೆ. ತಾಜಾ ಹಣ್ಣಿನ ಪರಿಮಳ ಹೋಗಿ ಒಣಹಣ್ಣು, ತರಗೆಲೆ, ಚರ್ಮ, ಹೊಗೆಸೊಪ್ಪಿನ ಬಗೆಯ ವಾಸನೆಗಳು ಏಳುತ್ತವೆ.

ಈ ಮಾಗುವಿಕೆಯಲ್ಲಿ ಗಾಳಿಯ ಕೈವಾಡವನ್ನು ಮೊದಲು ಸರಿಯಾಗಿ ಕಂಡವನು ಫ್ರಾನ್ಸಿನ ಲೂಯಿ ಪಾಶ್ಚರ್. ಹಾಲನ್ನು ಕಾಯಿಸಿ ಕೆಡದಂತೆ ಇಡುವ ವಿಧಾನಕ್ಕೆ ಇವನದೇ ಹೆಸರಿದೆಯಲ್ಲ, ಆತನೇ. ವೈನಿನ ರೋಗಗಳನ್ನು ಕುರಿತ ಅವನ ಗ್ರಂಥ 1866ರಲ್ಲಿ ಬಂತು. ಸ್ವಲ್ಪ ಗಾಳಿ ವೈನನ್ನು ಮಾಗಿಸುತ್ತದೆ, ಹೆಚ್ಚು ಗಾಳಿ ಕೆಡಿಸುತ್ತದೆ ಎಂಬುದು ಅವನ ತಿಳಿವಿನ ಸಾರ. ಬಿರಡೆಯ ಕೆಲಸ ಇದೇ. ಓಕ್ ಜಾತಿಯ ಒಂದು ಮರದ ತೊಗಟೆಯಿಂದ ಮಾಡಿದ ಬಿರಡೆ ಗಾಳಿಯನ್ನು ತಡೆಯುತ್ತದೆ, ಆದರೆ ಕಿಂಚಿತ್ತು ಒಳಬಿಡುತ್ತದೆ. ಬಿರಡೆ ಒಣಗಿದರೆ ಕುಗ್ಗಿ ದಾರಿಯಾಗುತ್ತದೆ. ಬಾಟಲಿಯನ್ನು ಮಲಗಿಸುವುದು ವೈನ್ ಸದಾ ಬಿರಡೆಯನ್ನು ತೋಯಿಸುತ್ತಿರಲಿ ಎಂದು.

ನಂದಿ ತಪ್ಪಲಿನ ಬಳ್ಳಿ

ಕನ್ನಡ ನಾಡಿಗೆ ದ್ರಾಕ್ಷಿ ಹೊಸದಲ್ಲ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ 'ಬೆಂಗಳೂರು ನೀಲಿ' ದ್ರಾಕ್ಷಿಯನ್ನು ತಲೆಮಾರುಗಳಿಂದ ಬೆಳೆಯುತ್ತಿದ್ದಾರೆ. ಅದಕ್ಕೆ 2013ರಲ್ಲಿ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು. ಜ್ಯೂಸಿಗೆ ಸೊಗಸು, ಸಿಹಿ ವೈನಿಗೂ ಆದೀತು. ಆದರೆ ದಶಕಗಟ್ಟಲೆ ಇಡುವ ವೈನಿಗೆ ಬೇಕಾದ ಕಸುವು ಅದರಲ್ಲಿಲ್ಲ.

ಅಂಥ ವೈನ್ ಮಾಡಲು ಬೇಕಾದ ಫ್ರೆಂಚ್ ತಳಿಗಳನ್ನು ಹಟ ಹಿಡಿದು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ಮಗ್ಗುಲಲ್ಲಿ ಬೆಳೆಸಲು ಹೊರಟವರು ಕನ್ವಲ್ ಗ್ರೋವರ್. ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನಿಂದ ಹಲವು ವರ್ಷ ಪ್ರಯೋಗ ನಡೆಸಿ, 1980ರ ದಶಕದ ಕೊನೆಗೆ ತೋಟ ಎಬ್ಬಿಸಿದರು. 1990ರ ದಶಕದ ನಡುವಿಗೆ ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಷೆಲ್ ರೋಲಾನ್ ಸಲಹೆಗಾರರಾದರು. ಕ್ಯಾಬರ್ನೆ ಸಾವಿಞೋನ್, ಶಿರಾಜ್ ತಳಿಗಳನ್ನು ಬೆರೆಸಿ ಓಕ್ ಪೀಪಾಯಿಯಲ್ಲಿ ಇಟ್ಟು ತೆಗೆದ 'ಲಾ ರಿಸರ್ವ್' ಹೊರದೇಶಗಳಲ್ಲೂ ಹೆಸರು ಮಾಡಿತು. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನು ತಂದ ಮೇಲೆ ತೋಟಗಳೂ ಘಟಕಗಳೂ ಹೆಚ್ಚಿದವು. ಇಂದು ಹಂಪಿ ಸೀಮೆಯ ಕಲ್ಲುಬೆಟ್ಟಗಳ ನಡುವೆಯೂ ಕ್ಯಾಬರ್ನೆ ಬೆಳೆಯುತ್ತಿದೆ.

ಬಳ್ಳಿಯ ಬಗ್ಗೆ ಚಿಕ್ಕಪ್ಪ ಹೇಳುತ್ತಿದ್ದ ಒಂದು ಮಾತು ನೆನಪಾಗುತ್ತದೆ: 'ಅಲ್ಲಿ ಬಳ್ಳಿ ನಿದ್ದೆ ಮಾಡ್ತದೆ, ಇಲ್ಲಿ ಮಾಡಲ್ಲ.' ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ ದ್ರಾಕ್ಷಿ ಬಳ್ಳಿ ಮಲಗುತ್ತದೆ. ನಮ್ಮ ಹವೆಯಲ್ಲಿ ಅದಕ್ಕೆ ನಿದ್ದೆಯಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಬೇಸಿಗೆಯಲ್ಲಿ ಒಮ್ಮೆ ಕಡ್ಡಿ ಬಲಿಯಲಿಕ್ಕೆ, ಮಳೆ ಹಿಂದೆ ಸರಿಯುವ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಮ್ಮೆ ಹಣ್ಣಿಗೆ. ಕೊಯ್ಲು ಫೆಬ್ರುವರಿ-ಮಾರ್ಚಿನ ಹೊತ್ತಿಗೆ. ಹಗಲು ಕಾವೇರುತ್ತಿರುವ ಆ ದಿನಗಳಲ್ಲಿ ಹಣ್ಣಿನಲ್ಲಿ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಒಗರು ಹದಕ್ಕೆ ಬರುವವರೆಗೆ ಕಾದರೆ ಹುಳಿ ಕೈಬಿಡುತ್ತದೆ; ಹುಳಿ ಉಳಿಸಿಕೊಳ್ಳಲು ಹೋದರೆ ಒಗರು ಹಸಿಯಾಗಿರುತ್ತದೆ. ನಂದಿಯಂಥ ಎತ್ತರದ ಜಾಗ, ತಣ್ಣಗಿನ ರಾತ್ರಿಗಳನ್ನು ಹುಡುಕಿಕೊಂಡು ಹೋಗುವುದು ಈ ಜಗ್ಗಾಟದಲ್ಲಿ ಒಂದೆರಡು ವಾರ ಗಿಟ್ಟಿಸಿಕೊಳ್ಳಲು. ನಮ್ಮ ವೈನ್ ಬೋರ್ಡೋದ ವೈನಿನಂತೆ ಮೂವತ್ತು-ನಲವತ್ತು ವರ್ಷ ಬಾಳಲಿ ಎಂದು ಕೇಳುವುದು ನ್ಯಾಯವಲ್ಲ.

ನಮ್ಮ ನೆಲಮಾಳಿಗೆ

ಕೆಂಪು ವೈನ್ ಇಡಲು 12ರಿಂದ 14 ಡಿಗ್ರಿ ಸೆಲ್ಸಿಯಸ್ ತಂಪು ಬೇಕೆಂದು ಪುಸ್ತಕಗಳು ಹೇಳುತ್ತವೆ. ಈ ಲೆಕ್ಕ ಎಲ್ಲಿಂದ ಬಂತು? ನೆಲದೊಳಗೆ ಆಳಕ್ಕೆ ಹೋದರೆ ಚಳಿ-ಬೇಸಿಗೆಯ ಏರಿಳಿತ ತಟ್ಟುವುದಿಲ್ಲ. ಅಲ್ಲಿ ಆ ಊರಿನ ವರ್ಷದ ಸರಾಸರಿ ತಾಪಮಾನವೇ ಸ್ಥಿರವಾಗಿ ನಿಂತಿರುತ್ತದೆ. ಫ್ರಾನ್ಸಿನ ವೈನ್ ಸೀಮೆಗಳಲ್ಲಿ ಆ ಸರಾಸರಿ ಹತ್ತಿರಹತ್ತಿರ ಇಷ್ಟೇ. ಹಾಗಾಗಿ ನೆಲ ಅಗೆದವರಿಗೆ ಆ ತಂಪು ಪುಕ್ಕಟೆ ಸಿಕ್ಕಿತು. ನಮ್ಮಲ್ಲಿ ಎಷ್ಟೇ ಅಗೆದರೂ ಸಿಗುವುದು 23-24 ಡಿಗ್ರಿಯ ಆಸುಪಾಸು. ಅಂದರೆ ನಮ್ಮ ಮಣ್ಣು ವೈನಿಗೆ ತಂಪು ಕೊಡಲಾರದು, ನೆಮ್ಮದಿ ಕೊಡಬಲ್ಲದು. ಬಿಸಿಯಷ್ಟೇ ಕೆಡಕು ಬಿಸಿಯ ಏರಿಳಿತ. ಕಾವಿಗೆ ವೈನ್ ಹಿಗ್ಗಿ ಬಿರಡೆಯನ್ನು ಹೊರಕ್ಕೆ ತಳ್ಳುತ್ತದೆ, ತಣಿದಾಗ ಕುಗ್ಗಿ ಗಾಳಿಯನ್ನು ಒಳಕ್ಕೆಳೆಯುತ್ತದೆ. ದಿನವೂ ಹೀಗೆ ಉಸಿರಾಡಿಸಿದರೆ ಎಂಥ ವೈನೂ ಉಳಿಯದು.

ಈ ನೆಮ್ಮದಿಯ ಗುಟ್ಟು ನಮ್ಮ ಹಿರಿಯರಿಗೆ ಗೊತ್ತಿತ್ತು. ಹಳೇ ಮೈಸೂರು ಸೀಮೆಯ ಹಗೇವು ನೆನಪಿಸಿಕೊಳ್ಳಿ. ನೆಲ ಅಗೆದು, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಬೀಳದೆ ಇರುತ್ತಿತ್ತು. ಮುಚ್ಚಿದ ಗುಂಡಿಯೊಳಗೆ ಕಾಳು ಉಸಿರಾಡಿ ಇದ್ದ ಆಮ್ಲಜನಕವನ್ನೆಲ್ಲ ತೀರಿಸುತ್ತದೆ, ಹುಳಕ್ಕೆ ಬದುಕಲು ಗಾಳಿಯಿಲ್ಲ. ಮನುಷ್ಯನಿಗೂ ಇಲ್ಲ. ಅದಕ್ಕೇ ಹಗೇವು ತೆಗೆದ ಕೂಡಲೇ ಇಳಿಯಬಾರದು. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಇಳಿಯಬೇಕು ಎಂಬ ಕಟ್ಟಳೆ.

ಆಯುರ್ವೇದದವರೂ ಇದೇ ದಾರಿ ಹಿಡಿದವರು. ದ್ರಾಕ್ಷಾರಿಷ್ಟದಂಥ ಅರಿಷ್ಟಗಳನ್ನು ತುಪ್ಪ ಸವರಿದ ಮಡಕೆಗೆ ತುಂಬಿ, ಬಾಯಿ ಕಟ್ಟಿ, ಧಾನ್ಯದ ರಾಶಿಯೊಳಗೆ ಹುಗಿದಿಡುವ ಕ್ರಮ ಹಳೆಯದು. ಕಾಳಿನ ರಾಶಿ ಹೊರಗಿನ ಬಿಸಿ-ತಂಪನ್ನು ಬೇಗ ಒಳಬಿಡುವುದಿಲ್ಲ. ಚರಕ ಸಂಹಿತೆ ಹೊಸ ಮದ್ಯಕ್ಕಿಂತ ಹಳೆಯದು ಹಗುರ, ರುಚಿಕರ ಎಂದು ಹೇಳುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ದ್ರಾಕ್ಷಾರಸದ ಮದ್ಯವನ್ನು 'ಮಧು' ಎಂದು ಕರೆದು, ಇಂದಿನ ಅಫ್ಘಾನಿಸ್ತಾನದ ಕಪಿಶದಿಂದ ಬರುವುದನ್ನು ಹೆಸರಿಸುತ್ತದೆ. ನಮ್ಮ ಅಜ್ಜಿ ಇದಾವುದನ್ನೂ ಓದಿದವಳಲ್ಲ. ರಾಗಿಯೊಳಗೆ ಇಟ್ಟದ್ದು ಕೆಡುವುದಿಲ್ಲ ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು.

ಗೇಟು ಬೀಳುವ ಮೊದಲು

ಮರುದಿನ ಸಂಜೆ ಏಳಕ್ಕೆ ಗೆಳೆಯರು ಜಗಲಿಯಲ್ಲಿ ಎರಡೂ ಬಾಟಲಿಗಳನ್ನು ಮುಂದಿಟ್ಟುಕೊಂಡು ಕುಳಿತರು. ಒಂಬತ್ತರೊಳಗೆ ಕಾಡು ದಾಟುವ ಅವಸರದಲ್ಲಿ ರಸ್ತೆಯ ಮೇಲೆ ಲಾರಿಗಳು ಓಡುತ್ತಿದ್ದವು.

ಮೊದಲು ಅಟ್ಟದ್ದು. ಕೈಗೆತ್ತಿಕೊಂಡಾಗಲೇ ಅವರ ಮುಖ ಸಪ್ಪಗಾಯಿತು. ಬಿರಡೆ ಬೆರಳಗಲ ಮೇಲೆದ್ದಿತ್ತು. ಕತ್ತಿನ ಸುತ್ತ ಅಂಟಂಟಾಗಿ ಸೋರಿದ ಗುರುತು. ರಸ ಭುಜದಿಂದ ಎರಡು ಬೆರಳು ಕೆಳಗಿಳಿದಿತ್ತು. ಲೋಟಕ್ಕೆ ಬಂದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣ. ಮೂಸಿದರೆ ತಳ ಹಿಡಿದ ಬೆಲ್ಲದ ಪಾಕ, ಹಿಂದೆಯೇ ಮೂಗಿಗೆ ಅಡರುವ ವಿನಿಗರ್. ಬಾಯಿಗಿಡುವಂತಿರಲಿಲ್ಲ. ಹದಿನೈದು ಬೇಸಿಗೆಗಳ ಹೆಂಚಿನ ಕಾವು ಅದನ್ನು ಬೇಯಿಸಿ ಮುಗಿಸಿತ್ತು.

ಆಮೇಲೆ ವಾಡೆಯದು. ಬಿರಡೆ ಇದ್ದಲ್ಲೇ ಇತ್ತು, ಆದರೆ ಮೆತ್ತಗಾಗಿತ್ತು. ತಿರುಪಿನಿಂದ ಎಳೆದರೆ ಪುಡಿಯಾದೀತೆಂದು ಎರಡು ತೆಳು ಅಲಗುಗಳ ಚಿಮುಟದಂಥ ಸಲಕರಣೆಯನ್ನು ಬದಿಗಳಿಂದ ತೂರಿಸಿ, ತಿರುಗಿಸುತ್ತಾ ಐದು ನಿಮಿಷ ತೆಗೆದುಕೊಂಡು ಹೊರತೆಗೆದರು. ಬಿರಡೆಯನ್ನು ಮೂಸಿದರು. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯಿಂದಲೇ ಕೆಟ್ಟಿದೆ ಎಂದು ಅರ್ಥ. ಇಲ್ಲಿ ಅದಿರಲಿಲ್ಲ. ಬಾಟಲಿಯ ಕತ್ತಿನ ಹಿಂದೆ ಮೇಣದ ಬತ್ತಿ ಹಚ್ಚಿಟ್ಟು, ಬೆಳಕಿಗೆ ಗಸಿ ಕಾಣುವಂತೆ ಹಿಡಿದು, ನಿಧಾನವಾಗಿ ಗಾಜಿನ ಜಗ್ಗಿಗೆ ಬಗ್ಗಿಸಿದರು. ಗಸಿಯ ಮೊದಲ ಎಳೆ ಕತ್ತಿಗೆ ಬಂದೊಡನೆ ನಿಲ್ಲಿಸಿದರು. ಹಗೇವಿನ ದೀಪ ನೆನಪಾಯಿತು.

'ಮೊದಲು ಕಣ್ಣು, ಆಮೇಲೆ ಮೂಗು, ಕೊನೆಗೆ ನಾಲಿಗೆ' ಎಂದರು. ಲೋಟ ವಾಲಿಸಿ ಬಿಳಿ ಪಂಚೆಯ ಮೇಲೆ ಹಿಡಿದರೆ ನಡುವೆ ದಾಳಿಂಬೆ ಕೆಂಪು, ಅಂಚಿನಲ್ಲಿ ಹೆಂಚಿನ ಬಣ್ಣ. ಮೂಗಿಗೆ ಮೊದಲು ಏನೂ ಇಲ್ಲ, ಬರೀ ಮುಚ್ಚಿದ ಕೋಣೆ. ಹತ್ತು ನಿಮಿಷ ಕಳೆದು ನೋಡಿದರೆ ಒಣ ಅಂಜೂರ, ಹಳೇ ಹುಣಸೆಹಣ್ಣು, ಹದ ಮಾಡಿದ ಹೊಗೆಸೊಪ್ಪು. ಅದರ ಹಿಂದೆ, ಮುಂಗಾರಿನ ಮೊದಲ ಮಳೆಗೆ ನೆನೆದ ತರಗೆಲೆಯ ವಾಸನೆ. ಬಾಯಲ್ಲಿ ಮೆದು, ತೆಳು, ಕೊನೆಯಲ್ಲಿ ಚುರುಕು ಹುಳಿ. ಉದ್ದಕ್ಕೆ ಉಳಿಯಲಿಲ್ಲ. ಇತ್ತು, ಹೋಯಿತು.

'ಹೇಗಿದೆ?' ಎಂದೆ.

ಗೆಳೆಯರು ಬೇಗ ಉತ್ತರಿಸಲಿಲ್ಲ. 'ಬದುಕಿದೆ. ಇದೇ ದೊಡ್ಡದು. ಆದರೆ ಇದರ ಹೊತ್ತು ಕಳೆದಿದೆ. ಆರೇಳು ವರ್ಷ ಮೊದಲು ತೆರೆದಿದ್ದರೆ...' ಎಂದು ನಿಲ್ಲಿಸಿದರು.

ಆರೇಳು ವರ್ಷ ಮೊದಲು ಚಿಕ್ಕಪ್ಪ ಇದ್ದ. ಯಾರೂ ಏನೂ ಹೇಳಲಿಲ್ಲ.

ಅಜ್ಜಿ ಬಾಗಿಲ ಬಳಿ ಕುಳಿತು ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದವಳು ಬಾಯಿ ಮುಕ್ಕಳಿಸಿ ಬಂದಳು. ಅಂಗೈ ಚಾಚಿದಳು. ಒಂದು ಹನಿ ಹಾಕಿದೆ. ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ಚಪ್ಪರಿಸಿದಳು.

'ಒಗರೋಗದೆ' ಎಂದಳು. 'ಅವ ಸುಳ್ಳೇಳ್ನಿಲ್ಲ.'

ಎಂಟೂವರೆಯ ಹೊತ್ತಿಗೆ ಲೋಟದಲ್ಲಿ ಅಂಜೂರ ಮಾಯವಾಗಿ ಹುಳಿಯೊಂದೇ ಉಳಿದಿತ್ತು. ಎಳೆಯ ವೈನ್ ಗಾಳಿಗೆ ಅರಳುತ್ತದೆ. ವಯಸ್ಸಾದದ್ದು ಗಾಳಿ ತಾಕಿದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದೂರದಲ್ಲಿ ಗೇಟು ಬಿದ್ದು ರಸ್ತೆ ನಿಶ್ಶಬ್ದವಾದಾಗ ಜಗ್ಗಿನ ತಳದಲ್ಲಿ ಉಳಿದಿದ್ದನ್ನು ಯಾರೂ ಮುಟ್ಟಲಿಲ್ಲ. ಬೆಳಗ್ಗೆ ನೋಡಿದರೆ ಅದು ಬರೀ ಹುಳಿನೀರು.

ಮಡಗುವವರಿಗೆ ನಾಲ್ಕು ಮಾತು

ಕುಡಿತಕ್ಕೆ ಮನೆ-ಹೊಲ ಕಳೆದುಕೊಂಡವರನ್ನು ನಮ್ಮೂರೂ ಕಂಡಿದೆ. ಕುಡಿಯಿರಿ ಎನ್ನುವುದು ಈ ಲೇಖನದ ಇರಾದೆಯಲ್ಲ. ಆದರೆ ಈಗ ಗೃಹಪ್ರವೇಶಕ್ಕೆ, ಮಗನ ಬಡ್ತಿಗೆ ಎಂದು ಯಾರೋ ಕೊಟ್ಟ ಬಾಟಲಿ ಎಷ್ಟೋ ಮನೆಗಳ ಷೋಕೇಸಿನಲ್ಲಿ ನಿಂತಿರುತ್ತದೆ. ಅಂಥವರಿಗಾಗಿ ಗೆಳೆಯರು ಹೇಳಿದ್ದಿಷ್ಟು:

ಷೋಕೇಸು ವೈನಿಗೆ ಅತಿ ಕೆಟ್ಟ ಜಾಗ. ಬೆಳಕು, ಬಿಸಿ, ನಿಂತ ಭಂಗಿ, ಮೂರೂ ಅಲ್ಲಿವೆ. ಅಡುಗೆಮನೆಯ ಮೇಲಿನ ಗೂಡು, ಅಟ್ಟ, ಕಾರಿನ ಡಿಕ್ಕಿ ಇವೂ ಬೇಡ. ಮನೆಯ ನಡುಕೋಣೆಯಲ್ಲಿ, ಹೊರಗೋಡೆಗೆ ತಾಗದ, ಕತ್ತಲಿನ ಕೆಳಗೂಡು ವಾಸಿ. ಬಿರಡೆಯ ಬಾಟಲಿಯಾದರೆ ಮಲಗಿಸಿ. ತಿರುಪು ಮುಚ್ಚಳದ್ದಾದರೆ ಹೇಗಿಟ್ಟರೂ ನಡೆದೀತು. ತಾಪಮಾನ ಹಿಡಿದಿಡುವ ವೈನ್ ಪೆಟ್ಟಿಗೆ ಇಲ್ಲದಿದ್ದರೆ ನಮ್ಮ ಹವೆಯಲ್ಲಿ ಎರಡು-ಮೂರು ವರ್ಷಕ್ಕಿಂತ ಹೆಚ್ಚು ಇಡುವ ಹಂಬಲ ಬಿಡಿ. ಬಿಳಿ ವೈನ್, ಸಿಹಿ ಬೆರೆತ ಅಗ್ಗದ ಕೆಂಪು ವೈನುಗಳನ್ನಂತೂ ಇಡುವುದರಲ್ಲಿ ಅರ್ಥವೇ ಇಲ್ಲ. ಒಳ್ಳೆಯ ವೈನನ್ನು ಕಾಯ್ದಿಡಲೇಬೇಕೆಂದರೆ ಒಂದರ ಬದಲು ಮೂರು ಬಾಟಲಿ ತನ್ನಿ. ಒಂದನ್ನು ಈಗ, ಇನ್ನೊಂದನ್ನು ಎರಡು-ಮೂರು ವರ್ಷಕ್ಕೆ ತೆರೆದು ನೋಡಿದರೆ ಮೂರನೆಯದು ಎಷ್ಟು ದಿನ ತಡೆದೀತೆಂದು ತಿಳಿಯುತ್ತದೆ. ಚಿಕ್ಕಪ್ಪ ಮೂರು ತಂದದ್ದು ಅದಕ್ಕೇ ಇದ್ದೀತು. ನಾವು ಎರಡನೆಯದನ್ನು ಅಟ್ಟಕ್ಕೆ ಹಾಕಿ ಮರೆತೆವು, ಮೂರನೆಯದನ್ನು ಅವನಿಗಾಗಿ ಕಾಯ್ದೆವು.

ಕೊನೆಯದಾಗಿ ಗೆಳೆಯರು ಹೇಳಿದ್ದು: 'ವೈನಿಗೆ ಒಳ್ಳೆಯ ದಿನ ಬರಲಿ ಎಂದು ಕಾಯಬೇಡಿ. ಜೊತೆಗೆ ಕುಡಿಯಬೇಕಾದವರು ಬಂದ ದಿನ ತೆರೆಯಿರಿ. ಸ್ವಲ್ಪ ಒಗರಿದ್ದರೂ ಪರವಾಗಿಲ್ಲ.'

ಬೆಳಗ್ಗೆ ಆರಕ್ಕೆ ಗೇಟು ತೆರೆದು ಮತ್ತೆ ಲಾರಿಗಳ ಸದ್ದು ಶುರುವಾಯಿತು. ಹಿತ್ತಿಲ ಕಡೆ ಹೋದರೆ ಅಜ್ಜಿ ಆ ಬಾಟಲಿಗೆ ಬೂದಿನೀರು ಹಾಕಿ ಕುಲುಕಿ ತೊಳೆಯುತ್ತಿದ್ದಳು. ತಳದ ಕಪ್ಪುಗೆಂಪು ಗಸಿ ಕಲ್ಲಿನ ಮೇಲೆ ಹರಿದುಹೋಗುತ್ತಿತ್ತು. 'ಏನ್ಮಾಡೀಯಜ್ಜಿ ಅದ?' ಎಂದೆ.

'ಹರಳೆಣ್ಣೆ ಮಡಗಕ್ಕೆ' ಎಂದಳು. 'ಗಟ್ಟಿ ಬಾಟ್ಲಿ ಕಣಾ ಇದು.'